ಓದುಗರ ಪ್ರಶ್ನೆ: ಗಿಲಕಿ, ಗೊಂಬೆ, ನೈಟ್‌ಡ್ರೆಸ್ ಕಡಲಾಚೆಗೆ

ಪ್ರಶ್ನೆ: ಆಲೆ ಮರದಲ್ಲಿ ಗಿಲಕಿ, ಬುಗುರಿ ಕಡೆದು ಅರಗಿನ ಬಣ್ಣ ಕೊಡುತ್ತೇವೆ. ಅಮೆರಿಕದ ಅಂಗಡಿಯವರು 200 ಗಿಲಕಿ ಕೇಳಿದ್ದಾರೆ, ಜೊತೆಗೆ ‘ಸಿಪಿಸಿ’ ಬೇಕಂತೆ. ನಮಗೆ ಕರಕುಶಲಕರ್ಮಿ ಗುರುತಿನ ಚೀಟಿ ಇದೆ; ಬಣ್ಣವೂ ಅರಿಸಿನ, ಕುಂಕುಮದ್ದು. ಅಷ್ಟು ಸಾಲದೇ?
– ಓದುಗರು, ಮೈಸೂರು

ಉತ್ತರ: ಸಾಲದು. ಆ ಚೀಟಿ ನಿಮಗೆ ವಿನಾಯಿತಿ ಕೊಡುವುದು 2020ರ ನಮ್ಮ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶದಿಂದ ಮಾತ್ರ. ಅಮೆರಿಕದ 2008ರ ಗ್ರಾಹಕ ಉತ್ಪನ್ನ ಸುರಕ್ಷತಾ ಸುಧಾರಣಾ ಕಾಯಿದೆ, ಸಿಪಿಎಸ್‌ಐಎ, 12 ವರ್ಷದವರೆಗಿನ ಮಕ್ಕಳ ಸಾಮಾನು ಕೈಯದೋ ಯಂತ್ರದ್ದೋ ಎಂದು ನೋಡುವುದಿಲ್ಲ. ಸಿಪಿಸಿ ಎಂದರೆ ಮಕ್ಕಳ ಉತ್ಪನ್ನ ಪ್ರಮಾಣಪತ್ರ. ಅದನ್ನು ಬರೆದುಕೊಡಬೇಕಾದವರು ಅಲ್ಲಿನ ಆಮದುದಾರರು. ಆದರೆ ಆಧಾರವಾದ ಲ್ಯಾಬ್ ವರದಿಯನ್ನು ಸಾಮಾನ್ಯವಾಗಿ ನಿಮ್ಮಿಂದಲೇ ಕೇಳುತ್ತಾರೆ.

ಮರದ ಚಿಂತೆ ಬಿಡಿ, ಏನೂ ಲೇಪಿಸದ ಮರಕ್ಕೆ ಸೀಸದ ಪರೀಕ್ಷೆಯಿಲ್ಲ. ಪೇಚಿರುವುದು ಅರಗಿನ ಪದರದಲ್ಲಿ. ಲೇಪದಲ್ಲಿ ಸೀಸ 90 ಪಿಪಿಎಂ, ಅಂದರೆ ಕಿಲೋಗೆ 90 ಮಿಲಿಗ್ರಾಂ ಮೀರಕೂಡದು. ಅರಿಸಿನಕ್ಕೆ ಹೊಳಪು ಬರಲೆಂದು ಲೆಡ್ ಕ್ರೋಮೇಟ್ ಬೆರೆಸುವುದುಂಟು. ಕುಂಕುಮ, ಸಿಂಧೂರದಲ್ಲೂ ಸೀಸ ಸಿಕ್ಕಿದೆ. ‘ನೈಸರ್ಗಿಕ’ ಎಂಬ ಚೀಟಿ ನೋಡಿ ಲ್ಯಾಬಿನ ಯಂತ್ರ ಸುಮ್ಮನಿರುವುದಿಲ್ಲ. ಕುಂಕುಮ ಕೈಬಿಡಿ. ಅರಿಸಿನವನ್ನು ಪುಡಿಯಾಗಿ ಕೊಳ್ಳಬೇಡಿ, ಪಾಲಿಶ್ ಆಗದ ಕೊಂಬು ತಂದು ನೀವೇ ಪುಡಿ ಮಾಡಿಸಿ. ಕೊಂಬು ಪಾಲಿಶ್ ಮಾಡುವಾಗಲೂ ಆ ಬಣ್ಣ ಮೆತ್ತುತ್ತಾರೆ.

ಖರ್ಚಿನ ಮಾತು. ಲ್ಯಾಬ್ ಬಿಲ್ಲು ಏರುವುದು ಗಿಲಕಿ ಎಷ್ಟಿವೆ ಎಂಬುದರಿಂದಲ್ಲ, ಬಣ್ಣ ಎಷ್ಟಿವೆ ಎಂಬುದರಿಂದ. ಎಂಟು ಬಣ್ಣವಿದ್ದರೆ ಮೂರಕ್ಕಿಳಿಸಿ. ವರ್ಷಕ್ಕಾಗುವಷ್ಟು ಅರಗಿನ ಕಡ್ಡಿಯನ್ನು ಒಂದೇ ಸಲ ಮಾಡಿ, ಬ್ಯಾಚ್ ಸಂಖ್ಯೆ ಕೊಟ್ಟು, ಬಣ್ಣಕ್ಕೊಂದರಂತೆ ಪರೀಕ್ಷೆಗೆ ಕಳಿಸಿ. ಹೀಗೆ ಇಡೀ ಆಟಿಕೆಯ ಬದಲು ಬಿಡಿವಸ್ತುವನ್ನೇ ಪರೀಕ್ಷಿಸಲು ಅಲ್ಲಿ ಒಪ್ಪಿಗೆಯಿದೆ. ಅದೇ ಬ್ಯಾಚ್ ಹಚ್ಚಿದ ಬುಗುರಿಗೂ ಆ ಸೀಸದ ವರದಿ ನಡೆಯುತ್ತದೆ. ಹೊಸ ಅರಗು ಕಾಯಿಸಿದಿರೋ, ಮತ್ತೆ ಪರೀಕ್ಷೆ. ಲ್ಯಾಬ್‌ಗೆ ಎನ್‌ಎಬಿಎಲ್ (ಭಾರತದ ಲ್ಯಾಬ್ ಮಾನ್ಯತಾ ಮಂಡಳಿ) ಮಾನ್ಯತೆಯೊಂದೇ ಇದ್ದರೆ ವರದಿ ಅಲ್ಲಿ ನಡೆಯದು. ಅಮೆರಿಕದ ಗ್ರಾಹಕ ಸುರಕ್ಷಾ ಆಯೋಗ ಒಪ್ಪಿದ ಪಟ್ಟಿಯಲ್ಲೂ ಅದಿರಬೇಕು. ಪಟ್ಟಿ ಆಯೋಗದ ಜಾಲತಾಣದಲ್ಲಿದೆ. ಸಣ್ಣ ತಯಾರಕರಿಗೆಂದಿರುವ ರಿಯಾಯಿತಿ ಲೇಪದ ಸೀಸಕ್ಕಾಗಲಿ ಚಿಕ್ಕ ಬಿಡಿಭಾಗಗಳ ಪರೀಕ್ಷೆಗಾಗಲಿ ಸಿಗುವುದಿಲ್ಲ.

ಗಿಲಕಿ ಮಗುವಿನ ಗಂಟಲಿಗೆ ಸಿಕ್ಕಿಕೊಂಡೀತೇ ಎಂದು ನೋಡಲು ಲ್ಯಾಬಿಗೆ ಮೊದಲು ಮನೆಯಲ್ಲೊಂದು ಪರೀಕ್ಷೆ: 30 ಮಿ.ಮೀ. ದಪ್ಪದ ಹಲಗೆಯಲ್ಲಿ 35x50 ಮಿ.ಮೀ. ಅಂಡಾಕಾರದ ಕಿಂಡಿ ಕೊರೆಯಿರಿ. ಗಿಲಕಿಯ ಯಾವ ತುದಿಯೂ ತನ್ನ ಭಾರಕ್ಕೆ ಇಳಿದು ಅದರ ಆಚೆ ಮುಟ್ಟಕೂಡದು. ತಲೆ ದಪ್ಪಗಿದ್ದರೂ ಹಿಡಿಯ ತುದಿ ಸಲೀಸಾಗಿ ತೂರೀತು, ಅದನ್ನು ಮರೆಯಬೇಡಿ. ಮರ ಚೆನ್ನಾಗಿ ಒಣಗಿರಲಿ. ಹಸಿ ಮರ ಅಲ್ಲಿನ ಹೀಟರ್ ಹಾಕಿದ ಕೋಣೆಯಲ್ಲಿ ಬಿರುಕು ಬಿಟ್ಟರೆ ಒಳಗಿನ ಮಣಿ ಮಗುವಿನ ಬಾಯಿಗೆ.

ಪ್ರಶ್ನೆ: ಹಳೇ ಸೀರೆ ಚೂರಿನ ಗೊಂಬೆಗಳನ್ನು ಜರ್ಮನಿಗೆ ಕಳಿಸಬೇಕು. ಗುಂಡಿಯ ಕಣ್ಣಿದೆ. ‘3 ವರ್ಷ ಮೇಲ್ಪಟ್ಟವರಿಗೆ’ ಎಂದು ಅಂಟಿಸಿದರೆ ನಡೆದೀತೇ?
– ಓದುಗರು, ಮದ್ದೂರು

ಉತ್ತರ: ನಡೆಯದು. ಅಪ್ಪಿ ಹಿಡಿಯುವ ಮೆತ್ತನೆ ಗೊಂಬೆ ಯುರೋಪಿನ ಲೆಕ್ಕದಲ್ಲಿ 3 ವರ್ಷದೊಳಗಿನವರದೇ. 6 ಮಿ.ಮೀ.ಗಿಂತ ದೊಡ್ಡ ಗುಂಡಿ 90 ನ್ಯೂಟನ್ ಎಳೆತ ತಡೆಯಬೇಕು, ಸುಮಾರು 9.2 ಕಿಲೋ ತೂಕವನ್ನು 10 ಸೆಕೆಂಡ್ ತೂಗುಹಾಕಿದಂತೆ. ದಾರ ಗಟ್ಟಿಯಿದ್ದರೂ ಬಟ್ಟೆಯೇ ಹರಿದು ಬರುತ್ತದೆ. ಕಣ್ಣನ್ನು ಕಸೂತಿಯಲ್ಲೇ ಹಾಕಿಬಿಡಿ.

ದೊಡ್ಡ ತೊಡಕು ಹಳೇ ಸೀರೆಯದು. ಚೂರು ಚೂರಿಗೂ ಬಣ್ಣ ಬೇರೆ, ಮೂಲ ಗೊತ್ತಿಲ್ಲ. ಒಂದರ ವರದಿ ಇನ್ನೊಂದಕ್ಕೆ ಆಗುವುದಿಲ್ಲ. ಒಂದೇ ಥಾನಿನ ಹೊಸ ಹತ್ತಿ ಬಟ್ಟೆಯಾದರೆ ಬಿಲ್ ಸಮೇತ ದಾಖಲೆ ಇಡಬಹುದು. ಯುರೋಪಿನ ಆಟಿಕೆ ಸುರಕ್ಷತಾ ಮಾನದಂಡ ಇಎನ್ 71ರ 1, 2, 3ನೇ ಭಾಗಗಳನ್ನು ಪೂರ್ತಿ ಪಾಲಿಸಿದರೆ ಹೊರಗಿನ ಸಂಸ್ಥೆಯ ಪ್ರಮಾಣಪತ್ರ ಕಡ್ಡಾಯವಲ್ಲ. ನಿಯಮ ಪಾಲಿಸಿದ್ದೇವೆಂಬ ಘೋಷಣೆಗೆ ತಯಾರಕರಾದ ನೀವೇ ಸಹಿ ಹಾಕುತ್ತೀರಿ, ಅದರ ಕಡತ 10 ವರ್ಷ ಇಡಬೇಕು. ಅಲ್ಲಿನ ನಿಯಮಕ್ಕೆ ಒಪ್ಪುತ್ತದೆಂದು ಹೇಳುವ ಸಿಇ ಗುರುತು ಕನಿಷ್ಠ 5 ಮಿ.ಮೀ. ಎತ್ತರ ಇರಲಿ, ಯುರೋಪ್ ಒಕ್ಕೂಟದೊಳಗಿನ ಹೊಣೆಗಾರರ ವಿಳಾಸವೂ ಬೇಕು.

ಪ್ರಶ್ನೆ: ಅಮೆರಿಕಕ್ಕೆ ಮಕ್ಕಳ ಹತ್ತಿ ನೈಟ್‌ಡ್ರೆಸ್?
– ಓದುಗರು, ಪಾಂಡವಪುರ

ಉತ್ತರ: 9 ತಿಂಗಳ ಅಳತೆಗಿಂತ ದೊಡ್ಡದಾದರೆ ಬೆಂಕಿ ಪರೀಕ್ಷೆ ಉಂಟು, ಸಡಿಲವಾದ ಸಾದಾ ಹತ್ತಿ ಅದರಲ್ಲಿ ಸೋಲುತ್ತದೆ. ಮೈಗಂಟುವಂತೆ ನಿಗದಿತ ಅಳತೆಯಲ್ಲಿ ಹೊಲಿದರೆ ಆ ಪರೀಕ್ಷೆಯಿಂದ ವಿನಾಯಿತಿ. ಹಗಲಿನ ಫ್ರಾಕಿಗೆ ಚದರ ಮೀಟರಿಗೆ 88 ಗ್ರಾಂ ಅಥವಾ ಹೆಚ್ಚು ತೂಗುವ, ಜುಂಗಿಲ್ಲದ ಬಟ್ಟೆ ಆರಿಸಿ, ಬೆಂಕಿ ಪರೀಕ್ಷೆಯೇ ಬೇಕಿಲ್ಲ. ನೈಟ್‌ಡ್ರೆಸ್ಸಿಗೆ ಫ್ರಾಕ್ ಎಂದು ಹೆಸರಿಟ್ಟು ಕಳಿಸಬೇಡಿ. ಹೊಲಿಗೆ, ಚಿತ್ರ, ಜಾಹೀರಾತು ಎಲ್ಲವನ್ನೂ ನೋಡಿಯೇ ಅವರು ತೀರ್ಮಾನಿಸುವುದು.