ಥರ್ಮಾಮೀಟರ್ ಇಳಿಸಿದವರು ಯಾರು?

ಪ್ರಶ್ನೆ: ಸುಮಾರು 20,000 ವರ್ಷಗಳ ಹಿಂದೆ ಅರಬ್ಬಿ ಸಮುದ್ರ ಈಗಿಗಿಂತ 2–3 ಡಿಗ್ರಿ ತಣ್ಣಗಿತ್ತು, ಪಾಚಿಯಿಂದ ಅದು ಗೊತ್ತಾಯಿತು ಎಂದು ಓದಿದೆ. ದೋಣಿಗೆ ಹೋಗುವ ನಮ್ಮ ಮಾವ ಕೇಳಿ ನಕ್ಕರು: "ಆಗ ಥರ್ಮಾಮೀಟರ್ ಇಳಿಸಿದವರು ಯಾರು ಮಾರಾಯ?" ಬೇಕಲದ ಬಂಡೆ ಮೇಲಿನ ಪಾಚಿಯನ್ನೇ ನೋಡ್ತಾರಾ? ಚಂದ್ರಗಿರಿ ಅಳಿವೆಯ ಕೆಸರಲ್ಲೂ ಇದು ಸಿಗುತ್ತದಾ?
– ಓದುಗರು, ಕಾಸರಗೋಡು

ಉತ್ತರ: ನಿಮ್ಮ ಮಾವನ ಪ್ರಶ್ನೆ ಸರಿಯಾಗಿಯೇ ಇದೆ. ಥರ್ಮಾಮೀಟರ್ ಇಳಿಸಿದ್ದು ಪಾಚಿಯೇ. ಆದರೆ ಕಾಲು ಜಾರಿಸುವ ಬಂಡೆಯ ಪಾಚಿ ಅಲ್ಲ. ಇದು ಕಡಲ ಮೇಲ್ಪದರದಲ್ಲಿ ತೇಲುವ, ಒಂದೇ ಜೀವಕೋಶದ ಪಾಚಿ. ಹೆಸರು ಎಮಿಲಿಯಾನಿಯ ಹಕ್ಸ್ಲಿಯಿ. ಮಿಲಿಮೀಟರಿನ ಇನ್ನೂರನೇ ಒಂದು ಪಾಲಿನಷ್ಟು ಗಾತ್ರ, ಮೈ ತುಂಬ ಸುಣ್ಣದ ಪುಟ್ಟ ಬಿಲ್ಲೆಗಳು.

ಇದರ ಒಳಗೆ ಆಲ್ಕಿನೋನ್ ಎಂಬ ಮೇಣದಂಥ ವಸ್ತು ಇರುತ್ತದೆ. ಅಳತೆಗೆ ಬಳಸುವ ಒಂದೊಂದು ಅಣುವಿನಲ್ಲೂ 37 ಕಾರ್ಬನ್‌ಗಳ ಉದ್ದ ಸರಪಳಿ. ಕೆಲವು ಅಣುಗಳಲ್ಲಿ ಎರಡು ದ್ವಿಬಂಧ (ಎರಡು ಕಾರ್ಬನ್‌ಗಳ ನಡುವಿನ ಜೋಡಿ ಕೊಂಡಿ), ಕೆಲವದರಲ್ಲಿ ಮೂರು. ನೀರು ತಣ್ಣಗಾದಷ್ಟೂ ಮೂರರದ್ದು ಜಾಸ್ತಿ, ಬಿಸಿಯಾದಷ್ಟೂ ಎರಡರದ್ದು ಜಾಸ್ತಿ. ಡಿಸೆಂಬರ್ ಬೆಳಿಗ್ಗೆ ಬಾಟ್ಲಿಯಲ್ಲಿ ತೆಂಗಿನೆಣ್ಣೆ ಗಟ್ಟಿಯಾಗುತ್ತದೆ, ಎಳ್ಳೆಣ್ಣೆ ಆಗುವುದಿಲ್ಲ, ಅಲ್ವಾ? ಎಳ್ಳೆಣ್ಣೆಯಲ್ಲಿ ದ್ವಿಬಂಧ ಜಾಸ್ತಿ. ಆದರೆ ಈ ಹೋಲಿಕೆಯನ್ನು ತುಂಬ ಎಳೆಯಬೇಡಿ. ಆಲ್ಕಿನೋನ್ ಪಾಚಿಗೆ ಕೂಡಿಟ್ಟ ಕೊಬ್ಬಿನ ಹಾಗೆ. ನಮಗೆ ಬೇಕಾದ್ದು ಎರಡರದ್ದಕ್ಕೂ ಮೂರರದ್ದಕ್ಕೂ ಇರುವ ಪ್ರಮಾಣ, ಅಷ್ಟೆ.

ಪಾಚಿ ಸತ್ತು ತಳ ಸೇರುತ್ತದೆ. ಅದರ ಉಳಿದ ಭಾಗ ಕೊಳೆತರೂ ಆಲ್ಕಿನೋನ್ ಲಕ್ಷಗಟ್ಟಲೆ ವರ್ಷ ಉಳಿಯಬಲ್ಲದು. ಹಡಗಿನಿಂದ ಕೊಳವೆ ಇಳಿಸಿ ಕೆಸರಿನ ಕಂಬ ತೆಗೆದು, ಪದರ ಪದರವಾಗಿ ಕತ್ತರಿಸಿ, ದ್ರಾವಕದಲ್ಲಿ ಈ ಮೇಣವನ್ನು ಬೇರ್ಪಡಿಸಿ, ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರದಲ್ಲಿ ಅಳೆಯುತ್ತಾರೆ. ಪದರದ ವಯಸ್ಸು ಬೇರೆಯೇ ಲೆಕ್ಕ, ಚಿಪ್ಪುಗಳಲ್ಲಿ ಕಾಲ ಕಳೆದಂತೆ ಕಡಿಮೆಯಾಗುತ್ತ ಹೋಗುವ ಕಾರ್ಬನ್-14ರಿಂದ. 1986ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದವರೂ ಅವರ ಜೊತೆಗಾರರೂ ಹಳೆಯ ಹವಾಮಾನ ಓದಲು ಇದು ದಾರಿ ಎಂದು ತೋರಿಸಿದರು. ಎರಡೇ ವರ್ಷದಲ್ಲಿ, ಪ್ರಯೋಗಾಲಯದಲ್ಲಿ ಪಾಚಿ ಬೆಳೆಸಿ ಮಾಡಿದ ಅಳತೆಪಟ್ಟಿಯೂ ಬಂತು. ಅದರ ಪ್ರಕಾರ ನೂರು ಅಣುಗಳಲ್ಲಿ ಎರಡು ದ್ವಿಬಂಧದವು 10 ಡಿಗ್ರಿಯಲ್ಲಿ ಸುಮಾರು 38, 20 ಡಿಗ್ರಿಯಲ್ಲಿ 72, 28 ಡಿಗ್ರಿಯಲ್ಲಿ 99.

ಕೊನೆಯ ಅಂಕೆ ನೋಡಿದಿರಾ? ಅಲ್ಲೇ ನಮ್ಮ ಕಷ್ಟ ಇರುವುದು. 28–29 ಡಿಗ್ರಿ ದಾಟಿದರೆ ಮೂರರದ್ದು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಆಮೇಲೆ ನೀರು ಎಷ್ಟೇ ಬಿಸಿಯಾಗಲಿ, ಪಾಚಿ ಒಂದೇ ಮಾತು ಹೇಳುತ್ತದೆ. ಕಾಸರಗೋಡಿನ ಕಡಲು ಏಪ್ರಿಲ್–ಮೇ ತಿಂಗಳಲ್ಲಿ ಆ ಅಂಚಿನಲ್ಲೇ ಇರುತ್ತದೆ. ಹಾಗಾಗಿ ಈ ಪಾಚಿಯ ಮಾತು ನಾನು ತಂಪು ಕಡಲುಗಳ ವಿಷಯದಲ್ಲಿ ಒಪ್ಪಿಕೊಳ್ಳುವಷ್ಟು ಸುಲಭವಾಗಿ ನಮ್ಮ ಕರಾವಳಿಯಲ್ಲಿ ಒಪ್ಪುವುದಿಲ್ಲ. ಹಿಮಯುಗದಂಥ ತಣ್ಣಗಿನ ಕಾಲಕ್ಕಾದರೆ ಪರವಾಗಿಲ್ಲ, ಆಗ ಅಳತೆ ಪಟ್ಟಿಯೊಳಗೇ ಬರುತ್ತದೆ. ನೀವು ಓದಿದ 2–3 ಡಿಗ್ರಿಯ ವಿಷಯ ಅಂಥದ್ದು. ಬಿಸಿ ಕಾಲಕ್ಕೆ ಬೇರೆ ಸಾಕ್ಷಿ ಬೇಕು: ಫೊರಾಮಿನಿಫೆರಾ ಎಂಬ ಸಣ್ಣ ಜೀವಿಗಳ ಚಿಪ್ಪಿನ ಮೆಗ್ನೀಸಿಯಂ. ನೀರು ಬಿಸಿಯಾದಷ್ಟೂ ಅದು ಏರುತ್ತಲೇ ಹೋಗುತ್ತದೆ. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಒಳ್ಳೆಯದು.

ಇನ್ನೊಂದು ತೊಡಕೂ ಇದೆ. ಇದು ನಿಮ್ಮ ಮಾವನಿಗೇ ಚೆನ್ನಾಗಿ ಗೊತ್ತಿರುತ್ತದೆ. ಮಳೆಗಾಲದಲ್ಲಿ ಆಳದ ತಣ್ಣನೆ ನೀರು ಮೇಲೆ ಬರುತ್ತದೆ, ಗೊಬ್ಬರದ ಅಂಶವನ್ನೂ ತರುತ್ತದೆ. ಪಾಚಿ ಆಗ ಜಾಸ್ತಿ ಬೆಳೆದಿದ್ದರೆ ಕೆಸರು ಹೇಳುವುದು ಇಡೀ ವರ್ಷದ ಸರಾಸರಿಯಲ್ಲ, ಆ ತಂಪು ತಿಂಗಳುಗಳ ಬಿಸಿ. ಅದೂ ಒಂದು ವರ್ಷದ್ದಲ್ಲ. ಸಣ್ಣ ಪದರದಲ್ಲಿ ಎಷ್ಟೋ ವರ್ಷಗಳು ಕಲಸಿಹೋಗಿರುತ್ತವೆ.

ಚಂದ್ರಗಿರಿ ಅಳಿವೆಯ ಕೆಸರು ಬೇಡ. ಹೊಳೆಯ ಮಣ್ಣು, ಉಬ್ಬರ–ಇಳಿತ, ಮಳೆಗಾಲದ ನೆರೆ ಎಲ್ಲ ಸೇರಿ ಪದರಗಳನ್ನು ಕಲಕಿಬಿಡುತ್ತವೆ. ಕೆಸರು ನೆಮ್ಮದಿಯಾಗಿ ಕೂತಿರುವ ಆಳ ಕಡಲೇ ಬೇಕು. ಅರಬ್ಬಿ ಸಮುದ್ರದ ಇಳಿಜಾರಿನಲ್ಲಿ ನೀರಿನ ಆಮ್ಲಜನಕ ತೀರ ಕಡಿಮೆ ಇರುವ ಪಟ್ಟಿಯೊಂದಿದೆ. ಅಲ್ಲಿ ಕೆಸರನ್ನು ಕೆದಕುವ ಹುಳುಗಳು ಕಡಿಮೆ, ಪದರ ಚೆನ್ನಾಗಿ ಉಳಿಯುತ್ತದೆ. ಆದರೆ ಅಲ್ಲಿಗೆ ನಿಮ್ಮ ಮಾವನ ದೋಣಿ ಸಾಲದು.