ಸೈನಿಕನ ಸಾವನ್ನು ಸರ್ಕಾರಗಳು ಯುದ್ಧಪ್ರಚಾರಕ್ಕೆ ಯಾಕೆ ಬಳಸುತ್ತವೆ?

ಯುದ್ಧದ ಬಗ್ಗೆ ಪ್ರಶ್ನೆ ಏಳದಿರಲಿ ಅಂತ. ಸತ್ತ ವೀರನನ್ನು ಮುಂದಿಟ್ಟರೆ, ಯುದ್ಧ ಬೇಕಿತ್ತಾ ಎಂದು ಕೇಳುವುದೇ ಅವನಿಗೆ ಮಾಡಿದ ಅವಮಾನದಂತೆ ಕಾಣುತ್ತದೆ, ಅಲ್ವಾ?

ಅಮೆರಿಕದ ಪ್ಯಾಟ್ ಟಿಲ್‌ಮನ್ ಹೆಸರಾಂತ ಅಮೆರಿಕನ್ ಫುಟ್‌ಬಾಲ್ ಆಟಗಾರ. ಆಟ ಬಿಟ್ಟು ಸೇನೆ ಸೇರಿದರು. 2004ರ ಏಪ್ರಿಲ್ 22ರಂದು ಅಫ್ಘಾನಿಸ್ತಾನದಲ್ಲಿ ತಮ್ಮದೇ ಪಡೆಯವರ ಗುಂಡಿಗೆ ಬಲಿಯಾದರು. ಸೇನೆ ಮಾತ್ರ ಶತ್ರುವಿನ ಗುಂಡು ಎಂದು ಹೇಳಿ ಸಿಲ್ವರ್ ಸ್ಟಾರ್ ಪದಕ ಕೊಟ್ಟಿತು. ಹೆತ್ತವರಿಗೆ ನಿಜ ತಿಳಿದದ್ದು ಸುಮಾರು ಐದು ವಾರದ ಮೇಲೆ. ನನಗೆ ಜಾಸ್ತಿ ನೋವಾಗುವುದು ಇದೇ.

ನಮ್ಮ ಕೊಡಗಿನಲ್ಲಿ ಸೈನಿಕರಿಲ್ಲದ ಒಕ್ಕ, ಅಂದರೆ ಮನೆತನ, ಸಿಗುವುದೇ ಕಷ್ಟ. ಪ್ರಚಾರಕ್ಕೆ ಅವಸರ, ನಿಜಕ್ಕೆ ಸಮಯ ಬೇಕು. ನಮ್ಮ ಕೊಡಗಿನವರೇ ಆದ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ತೀರಿಕೊಂಡದ್ದು 1965ರ ಯುದ್ಧದಲ್ಲಿ. ಅವರ ಸಾಹಸ ಬೆಳಕಿಗೆ ಬಂದು ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ.