ಹಲ್ಲಿ ಶಕುನ ಮತ್ತು ಲೋ ಆಂಗಲ್: ಒಬ್ಬ ಲೇಖಕರಿಗೆ ಉತ್ತರ

ನಮಸ್ಕಾರ.

ಸಿನಿಮಾದ ಶಾಟ್‌ಗಳು, ಆಂಗಲ್‌ಗಳು ಹೇಗೆ ಅರ್ಥ ಹೊಮ್ಮಿಸುತ್ತವೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಒಂದು ಸಾಲಿನ ವಿಷಾದಪತ್ರ ಬರೆದು ಮುಗಿಸಬಹುದಿತ್ತು. ಐದನೇ ಪುಟದಲ್ಲಿ ನೀವು ಅವಸರದಲ್ಲಿ ಬರೆದು ದಾಟಿದ ಮೂರು ಸಾಲು ಹಾಗೆ ಮಾಡಲು ಬಿಡಲಿಲ್ಲ. ಅದರ ಮಾತು ಆಮೇಲೆ.

ಮೊದಲು ದೂರು. ಪಂಚಾಂಗದಲ್ಲಿ ಹಲ್ಲಿ ಎಲ್ಲಿ ಬಿದ್ದರೆ ಏನು ಫಲ ಎಂದು ಪಟ್ಟಿ ಇರುತ್ತದಲ್ಲ, ನಿಮ್ಮ ಲೇಖನ ಹಾಗಿದೆ. ಲೋ ಆಂಗಲ್ (ಕ್ಯಾಮೆರಾ ಕೆಳಗಿನಿಂದ ಮೇಲಕ್ಕೆ ನೋಡುವುದು) ಇಟ್ಟರೆ ದರ್ಪ, ಹೈ ಆಂಗಲ್ (ಮೇಲಿನಿಂದ ಕೆಳಕ್ಕೆ ನೋಡುವುದು) ಇಟ್ಟರೆ ದೈನ್ಯ, ಫ್ರೇಮ್ ವಾಲಿದರೆ ಪಾತ್ರದ ತಲೆ ಕೆಟ್ಟಿದೆ, ಕ್ಲೋಸಪ್ ಎಂದರೆ ಭಾವನೆ. ಇಷ್ಟನ್ನು ಸಿನಿಮಾ ನೋಡದೆಯೂ ಬರೆಯಬಹುದು.

ಲೋ ಆಂಗಲ್‌ಗೆ ನೀವು ಕೊಟ್ಟ ಉದಾಹರಣೆ ‘ಸಿಟಿಜನ್ ಕೇನ್’ (1941). ನಿಮ್ಮ ಸೂತ್ರವನ್ನು ಒಡೆಯುವುದೂ ಅದೇ ಚಿತ್ರ! ಕಥಾನಾಯಕ, ಪತ್ರಿಕೆಗಳ ಒಡೆಯ ಕೇನ್ ಚುನಾವಣೆ ಸೋತ ರಾತ್ರಿಯ ದೃಶ್ಯವನ್ನು ಇನ್ನೊಮ್ಮೆ ನೋಡಿ. ಗೆಳೆಯ ಲೀಲ್ಯಾಂಡ್ ಕುಡಿದು ಬಂದು ಕೇನ್‌ಗೆ ಮುಖದ ಮೇಲೆಯೇ ಸತ್ಯ ಹೇಳುತ್ತಾನೆ. ನಿರ್ದೇಶಕ ಆರ್ಸನ್ ವೆಲ್ಸ್ ಮತ್ತು ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಆ ದೃಶ್ಯಕ್ಕಾಗಿ ಸ್ಟುಡಿಯೋದ ನೆಲವನ್ನೇ ಅಗೆಸಿ ಕ್ಯಾಮೆರಾ ಇಳಿಸಿದರು. ಕೇನ್‌ನ ಕಾಲು ಕಂಬದಷ್ಟು ದೊಡ್ಡದಾಗಿ ಕಾಣುತ್ತದೆ. ಆದರೆ ಆ ಹೊತ್ತಿಗೆ ಅವನು ಎಲ್ಲ ಕಳೆದುಕೊಂಡವನು. ದರ್ಪ ಎಲ್ಲಿ ಬಂತು?

ಉತ್ತರ ಅವನ ತಲೆಯ ಮೇಲಿದೆ. ಆಗಿನ ಸೆಟ್ಟುಗಳಿಗೆ ಸಾಮಾನ್ಯವಾಗಿ ಚಾವಣಿ ಇರುತ್ತಿರಲಿಲ್ಲ. ಲೈಟು, ಮೈಕು ಮೇಲಿನಿಂದಲೇ ಇಳಿಯಬೇಕಲ್ಲ. ಇವರು ತೆಳುಬಟ್ಟೆ ಬಿಗಿದು ಚಾವಣಿ ಮಾಡಿದರು, ಮೈಕನ್ನು ಅದರ ಮೇಲೆ ಬಚ್ಚಿಟ್ಟರು. ಹಾಗಾಗಿ ಕೆಳಗಿನಿಂದ ನೋಡಿದಾಗ ಆ ಭಾರೀ ಆಳಿನ ನೆತ್ತಿಯ ಮೇಲೆ ಚಾವಣಿ ಕವುಚಿಕೊಂಡಂತಿದೆ. ದೊಡ್ಡವನಾಗಿಯೇ ಇದ್ದಾನೆ, ನಿಲ್ಲಲು ಜಾಗವಿಲ್ಲ. ಇದನ್ನು ಆಂಗಲ್ ಒಂದೇ ಹೇಳಿದ್ದಲ್ಲ. ಚಾವಣಿ, ಸೋಲು, ಎದುರು ನಿಂತ ಗೆಳೆಯ, ಹಿಂದಿನ ದೃಶ್ಯಗಳಲ್ಲಿ ನಾವು ಕಂಡ ಅವನ ಅಬ್ಬರ, ಎಲ್ಲ ಸೇರಿ ಹೇಳಿದ್ದು.

ಇನ್ನೊಂದು ಗೊಂದಲ. ಕ್ಯಾಮೆರಾ ತಗ್ಗಿನಲ್ಲಿರುವುದು ಬೇರೆ, ಕತ್ತೆತ್ತಿ ನೋಡುವುದು ಬೇರೆ. ನೀವು ಎರಡನ್ನೂ ಲೋ ಆಂಗಲ್ ಎಂದಿದ್ದೀರಿ. ಜಪಾನಿನ ನಿರ್ದೇಶಕ ಯಾಸುಜಿರೋ ಓಜು ಕ್ಯಾಮೆರಾವನ್ನು ಚಾಪೆಯ ಮೇಲೆ ಕೂತವರ ಎತ್ತರಕ್ಕೆ ಇಳಿಸಿ, ಹೆಚ್ಚುಕಡಿಮೆ ನೇರವಾಗಿ ನೋಡುತ್ತಾರೆ. ‘ಟೋಕಿಯೋ ಸ್ಟೋರಿ’ (1953) ಕೊನೆಯಲ್ಲಿ ಹೆಂಡತಿಯನ್ನು ಕಳೆದುಕೊಂಡ ಮುದುಕ ಒಬ್ಬನೇ ಕೂತಿದ್ದಾನೆ. ನಾವೂ ಅದೇ ಮನೆಯೊಳಗೆ, ನೆಲದ ಮೇಲೆ ಕೂತಿದ್ದೇವೆ. ಇಲ್ಲಿ ದರ್ಪ ಹುಡುಕಿದರೆ ಸಿಗುವುದುಂಟೇ?

ನಮ್ಮ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರ ಬಗ್ಗೆ ಬರೆದಿದ್ದಕ್ಕೆ ಖುಷಿಯಾಯಿತು, ಆದರೆ ‘ಅದ್ಭುತ ಬೆಳಕು’ ಎಂದಷ್ಟೇ ಹೇಳಿ ಬಿಟ್ಟಿದ್ದೀರಿ. ಅವರು ಛಾಯಾಗ್ರಹಣ ಮಾಡಿದ ‘ಕಾಗಜ್ ಕೇ ಫೂಲ್’ (1959) ಸಿನಿಮಾಸ್ಕೋಪ್, ಅಂದರೆ ಅಗಲ ಪರದೆಯ ಚಿತ್ರ. ಖಾಲಿ ಸ್ಟುಡಿಯೋದೊಳಗೆ ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿ ತಂದ ಆ ಬೆಳಕಿನ ಕೋಲನ್ನು ಎಲ್ಲರೂ ಹೊಗಳುತ್ತಾರೆ. ಅಗಲ ಪರದೆಯಲ್ಲಿ ಇಬ್ಬರ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ ಎಂದು ನೀವು ಅಳೆದು ನೋಡಬೇಕಿತ್ತು.

ಈಗ ಆ ಮೂರು ಸಾಲು. ಚಿಕ್ಕಂದಿನಲ್ಲಿ ಟೆಂಟ್ ಸಿನಿಮಾದಲ್ಲಿ ಗಾಂಧಿ ಕ್ಲಾಸಿನ, ಅಂದರೆ ಎಲ್ಲಕ್ಕಿಂತ ಅಗ್ಗದ ಟಿಕೆಟಿನ, ಮರಳಿನ ಮೇಲೆ, ಪರದೆಯ ಬುಡದಲ್ಲೇ ಕೂತಿದ್ದಿರಿ. ಖಳನಾಯಕ ಬಂದಾಗ ಹೆದರಿ ಕಣ್ಣು ಮುಚ್ಚಿಕೊಂಡಿರಿ. ಹಿಂದೆ ಕುರ್ಚಿಯಲ್ಲಿದ್ದ ಚಿಕ್ಕಪ್ಪನಿಗೆ ಅದೇ ಖಳನಾಯಕನನ್ನು ಕಂಡು ನಗು ಬಂತು. ಇದನ್ನು ಬರೆದವರು ಮರುಸಾಲಿಗೇ ‘ಇರಲಿ, ವಿಷಯಕ್ಕೆ ಬರೋಣ’ ಎನ್ನುತ್ತೀರಲ್ಲ! ವಿಷಯ ಅದೇ ಅಲ್ಲವೇ ಮಾರಾಯರೆ? ಕ್ಯಾಮೆರಾಮನ್ ಎದೆಮಟ್ಟದಲ್ಲಿ ಇಟ್ಟಿದ್ದ ಶಾಟು ಕೂಡ ನಿಮ್ಮ ಪಾಲಿಗೆ ಲೋ ಆಂಗಲ್ ಆಗಿತ್ತು. ಟಿಕೆಟಿನ ದರ ಆಂಗಲ್ ಬದಲಿಸಿತು.

ಅಲ್ಲಿಂದ ಶುರುಮಾಡಿ. ಟೆಂಟು ಯಾವ ಊರಿನದು, ಚಿಕ್ಕಪ್ಪ ಕುರ್ಚಿಯಲ್ಲಿ ಕೂತು ನೀವೇಕೆ ನೆಲದಲ್ಲಿ ಕೂತಿರಿ, ಕತ್ತು ಎಷ್ಟು ನೋಯುತ್ತಿತ್ತು, ಬರೆಯಿರಿ. ಆ ಚಿತ್ರ ಈಗ ಸಿಕ್ಕರೆ ಅದೇ ದೃಶ್ಯವನ್ನು ಶಬ್ದ ತೆಗೆದು ನೋಡಿ. ಕ್ಯಾಮೆರಾ ನಿಜಕ್ಕೂ ಎಲ್ಲಿತ್ತು ಎಂದು ಗುರುತು ಹಾಕಿಕೊಳ್ಳಿ. ವಾಲಿದ ಫ್ರೇಮಿನ ಭಾಗ ಪೂರ್ತಿ ತೆಗೆದುಬಿಡಿ. ಹೊಸ ಪ್ರತಿ ಬಂದ ವಾರದಲ್ಲೇ ಓದುತ್ತೇನೆ.

ಸಂಪಾದಕ